ಕಿಯಾ ಕಾರಿನ ಹೆಸರು: ಕಟ್ಟಿದವರಾರು, ಉಳಿಸಿದವರಾರು?

(ಬೈಲಹೊಂಗಲದಲ್ಲಿ ಕೂಡಿದ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ಐ.ಟಿ.ಐ. ಮುಗಿಸಿದ ನಮ್ಮೂರ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ನನ್ನನ್ನು ತಡೆದು ಕೇಳಿದ: “ಸರ, ಪೆನುಕೊಂಡಾದಾಗ ಕಿಯಾ ಕಾರಿನ ಕಾರಖಾನಿ ಐತಲ್ಲ, ಆ ಕಂಪನಿ ಛಲೋ ಐತೇನ್ರಿ? ಕೆಲಸಕ್ಕ ಹೋಗ್ಲೇನ್ರಿ?” ಬಸ್ಸು ಹೊರಡುವದರಲ್ಲಿತ್ತು, ಉತ್ತರವೋ ಒಂದು ಮಾತಿನಲ್ಲಿ ಮುಗಿಯುವಂಥದಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ದನದ ಸಂತೆಗೆ ಹೋದ ರೈತನು ಮಾರುವವನ ಹೊಗಳಿಕೆ ಕೇಳಿ ಎತ್ತು ಕೊಳ್ಳುವದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದು ಯಾರ ಕೊಟ್ಟಿಗೆಯಲ್ಲಿ ಬೆಳೆಯಿತು, ಎಂಥ ನೊಗಕ್ಕೆ ಹೆಗಲು ಕೊಟ್ಟಿತು ಎಂದು ವಿಚಾರಿಸುತ್ತಾನೆ. ಕಂಪನಿಯ ಹೆಸರನ್ನೂ ನಾವು ಹಾಗೆಯೇ ಪರೀಕ್ಷಿಸಬೇಕು. ಟಿ.ವಿ.ಯ ಜಾಹೀರಾತು ಮಾರುವವನ ಹೊಗಳಿಕೆ. ಚರಿತ್ರೆಯೇ ಹಲ್ಲು ಮತ್ತು ಸುಳಿ.

ಪೆನುಕೊಂಡೆಯು ಕನ್ನಡಿಗರಿಗೆ ಹೊಸ ಊರಲ್ಲ. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಮುರಿದು ಬಿದ್ದ ಮೇಲೆ ಅರಸು ಮನೆತನವು ಅಲ್ಲಿಗೆ ಹೋಗಿ ರಾಜಧಾನಿ ಮಾಡಿಕೊಂಡಿತು. ಸುತ್ತಲಿನ ಮಡಕಶಿರಾ, ಹಿಂದೂಪುರಗಳಲ್ಲಿ ಇಂದಿಗೂ ಕನ್ನಡ ಮಾತನಾಡುವ ಮನೆಗಳಿವೆ. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದ ಈ ತಾಲೂಕು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಳೆ ಕಡಿಮೆ, ಸೇಂಗಾ ಬೆಳೆಯುವ ಸೀಮೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಎರ್ರಮಂಚಿ ಎಂಬ ಹಳ್ಳಿಯ ಹತ್ತಿರ, 536 ಎಕರೆ ನೆಲದಲ್ಲಿ ಈ ಕಾರಖಾನೆ ನಿಂತಿದೆ. 2017ರ ಏಪ್ರಿಲಿನಲ್ಲಿ ಆಂಧ್ರ ಸರಕಾರದೊಡನೆ ಕರಾರಾಯಿತು. 2019ರ ಆಗಸ್ಟಿನಲ್ಲಿ ಸೆಲ್ಟೋಸ್ ಎಂಬ ಮೊದಲ ಕಾರು ಪೇಟೆಗೆ ಬಂತು. ವರ್ಷಕ್ಕೆ ಮೂರು ಲಕ್ಷ ಕಾರು ಮಾಡಬಲ್ಲ ಕಾರಖಾನೆಯೆಂದು, ನೂರಾಹತ್ತು ಕೋಟಿ ಡಾಲರ್ ಬಂಡವಲವೆಂದು ಕಂಪನಿ ಸಾರಿತು.

ಆ ಒಣ ನೆಲದಲ್ಲಿ ಅಂಥ ಕಾರಖಾನೆಗೆ ನೀರೆಲ್ಲಿಯದು? ಶ್ರೀಶೈಲದ ಕೃಷ್ಣಾ ನೀರನ್ನು ಹಂದ್ರಿ-ನೀವಾ ಕಾಲುವೆಯಿಂದ ಎತ್ತಿ ಗೊಲ್ಲಪಲ್ಲಿಯ ಜಲಾಶಯಕ್ಕೆ ತಂದು, ಅಲ್ಲಿಂದ ಕೊಟ್ಟರು. ಸವದತ್ತಿಯ ಆಣೆಕಟ್ಟೆ ದಾಟಿದ ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಅದೇ ಶ್ರೀಶೈಲಕ್ಕೆ ಹೋಗುತ್ತಾಳೆ. ಆದುದರಿಂದ ಆ ಕಾರಿನ ಮೈತೊಳೆದ ನೀರಿನಲ್ಲಿ ನಮ್ಮ ಹೊಳೆಯ ಹನಿಯೂ ಇದ್ದೀತು. ನೆಲ, ನೀರು, ದಾರಿ ಇವೆಲ್ಲ ಜನತೆಯ ಆಸ್ತಿ. ಖಾಸಗಿ ಕಂಪನಿಯೊಂದು ತನ್ನೊಬ್ಬಳ ಕಾಲ ಮೇಲೆ ನಿಂತಿದೆಯೆಂದು ಯಾರಾದರೂ ಹೇಳಿದರೆ, ಈ ನೀರಿನ ಹಾದಿಯನ್ನು ಅವರಿಗೆ ತೋರಿಸಿರಿ.

ಇನ್ನು ಮೂಲಕ್ಕೆ ಹೋಗೋಣ. 1944ರಲ್ಲಿ ಕೊರಿಯಾ ಜಪಾನೀಯರ ದಾಸ್ಯದಲ್ಲಿತ್ತು. ಜಪಾನಿನಲ್ಲಿ ಕಬ್ಬಿಣದ ಕೆಲಸ ಕಲಿತು ಬಂದಿದ್ದ ಕಿಮ್ ಚೊಲ್-ಹೋ ಎಂಬಾತ ಸೋಲ್ ನಗರದಲ್ಲಿ ಉಕ್ಕಿನ ನಳಿಗೆ ಹಾಗೂ ಸೈಕಲ್ಲಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರಖಾನೆ ತೆಗೆದ. ಮುಂದೆ ದೇಶ ಎರಡಾಯಿತು, ಯುದ್ಧ ಬಂತು. ಯುದ್ಧದ ನಡುವೆಯೇ 1952ರಲ್ಲಿ, ನಿರಾಶ್ರಿತರಿಂದ ತುಂಬಿದ ಬುಸಾನ್ ಬಂದರಿನಲ್ಲಿ, ಆ ದೇಶದ ಮೊದಲ ಸ್ವದೇಶೀ ಸೈಕಲ್ಲು ಹೊರಬಂತು. ಅದಕ್ಕೆ ‘ಸಾಮ್‌ಚುಲ್ಲಿ’ ಎಂದು ಹೆಸರು. ‘ಮೂರು ಸಾವಿರ ಲೀ’ ಎಂದರ್ಥ, ಅಂದರೆ ಕೊರಿಯಾದ ತುದಿಯಿಂದ ತುದಿಯವರೆಗಿನ ಉದ್ದ. ಕಂಪನಿ ಕಿಯಾ ಎಂಬ ಹೆಸರಿಟ್ಟುಕೊಂಡದ್ದೂ ಆಗಲೇ. ಏಶಿಯಾದಿಂದ ಎದ್ದದ್ದು ಎಂಬುದು ಅದರ ಭಾವ.

ಸೈಕಲ್ಲಿನಿಂದ ಹೊರಟ ಕಾರಖಾನೆ ಎಂದರೆ ನಮ್ಮ ಸವದತ್ತಿ ತಾಲೂಕಿನ ಗುರ್ಲಹೊಸೂರು ನೆನಪಾಗಬೇಡವೆ? ಆ ಹಳ್ಳಿಯಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆಗೆದರು. ಕಬ್ಬಿಣದ ನೇಗಿಲು ಮಾಡಿ, ಅಂಜುತ್ತಿದ್ದ ರೈತರಿಗೆ ಒಪ್ಪಿಸಿದರು. 1910ರಲ್ಲಿ ಔಂಧದ ಅರಸರು ಕೊಟ್ಟ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಿಮ್ ಚೊಲ್-ಹೋಗಿಂತ ಐವತ್ತಾರು ವರ್ಷ ಮೊದಲಿನ ಸೈಕಲ್ಲು ನಮ್ಮದು! ಆದರೂ ಕಿರ್ಲೋಸ್ಕರ ಮನೆತನ ಕಾರಿಗೆ ಕೈಹಾಕಿದ್ದು 1997ರಲ್ಲಿ, ಜಪಾನಿನ ಟೊಯೊಟಾದ ಪಾಲುದಾರನಾಗಿ, ಬಿಡದಿಯಲ್ಲಿ. ಕಿಯಾ ಜಪಾನಿನ ಮಜ್ದಾದಿಂದ ವಿದ್ಯೆ ಕಲಿತು 1962ರಲ್ಲಿ ಮೂರು ಗಾಲಿಯ ಲಾರಿ, 1973ರಲ್ಲಿ ಸೊಹಾರಿಯ ದೊಡ್ಡ ಕಾರಖಾನೆ, 1974ರಲ್ಲಿ ಬ್ರಿಸಾ ಎಂಬ ಕಾರು ಮಾಡಿತು. ಶಿಷ್ಯನಾಗಿ ಹೋಗಿ ಸ್ಪರ್ಧಿಯಾಗಿ ನಿಂತಿತು. ಇದಕ್ಕೆ ಕಾರಣವೇನು? ಕೊರಿಯನ್ನರ ತಲೆಯಲ್ಲಿ ನಮಗಿಂತ ಹೆಚ್ಚು ಮಿದುಳಿತ್ತೆ?

ಅಲ್ಲ, ಮಿತ್ರರೇ. ಮೂರು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು ನೆಲ. 1949-50ರ ಕಾಯದೆಯಿಂದ ಅಲ್ಲಿ ಒಂದು ಕುಟುಂಬಕ್ಕೆ ಸುಮಾರು ಏಳೂವರೆ ಎಕರೆಗಿಂತ ಹೆಚ್ಚು ಸಾಗುವಳಿ ಭೂಮಿ ಇರಕೂಡದೆಂದು ಗೊತ್ತುಮಾಡಿ, ಮಿಕ್ಕಿದ್ದನ್ನು ಉಳುವವನಿಗೆ ಹಂಚಿದರು. ಜಮೀನುದಾರಿಕೆ ಮುರಿಯಿತು, ಒಕ್ಕಲಿಗನ ಮಗ ಶಾಲೆಗೆ ಹೋದ. ಎರಡನೆಯದು ಬೇಲಿ. 1962ರಲ್ಲಿ ವಾಹನ ಉದ್ಯಮಕ್ಕೆ ರಕ್ಷಣೆಯ ಕಾಯದೆ ಮಾಡಿ ಪರದೇಶದ ತಯಾರಾದ ಕಾರುಗಳನ್ನು ಹೊರಗಿಟ್ಟರು. ಆ ಬಾಗಿಲು ತುಸು ತೆರೆದದ್ದು 1987ರಲ್ಲಿ. ಮೂರನೆಯದು ಪರೀಕ್ಷೆ. ಬೇಲಿಯನ್ನು ನಾವೂ ಕಟ್ಟಿದ್ದೆವು. ಅದರೊಳಗೆ ಅಂಬಾಸಡರ್ ಕಾರು 1950ರ ದಶಕದ ಇಂಗ್ಲಿಷ್ ಮೋರಿಸ್ಸಿನ ಮೈಯಲ್ಲಿಯೇ 2014ರವರೆಗೆ ಬದುಕಿ ಸತ್ತಿತು. ಏಕೆಂದರೆ ನಾವು ಬೇಲಿ ಕಟ್ಟಿದೆವು, ಪರೀಕ್ಷೆ ಇಡಲಿಲ್ಲ. ಕೊರಿಯಾದ ಸರಕಾರ ಅಗ್ಗದ ಸಾಲ ಕೊಟ್ಟಿತು, ಜತೆಗೆ ಹೊರದೇಶಕ್ಕೆ ಮಾರಿ ತೋರಿಸು ಎಂದು ಲೆಕ್ಕ ಕೇಳಿತು. ಪರೀಕ್ಷೆಯಿಲ್ಲದೆ ಮೇಲಿನ ತರಗತಿಗೆ ದಾಟಿಸಿದ ಹುಡುಗನ ಗತಿ ಏನಾಗುವದೆಂಬುದನ್ನು ಮಾಸ್ತರಿಕೆ ಮಾಡಿದ ನನಗೆ ಯಾರೂ ಹೇಳಬೇಕಾಗಿಲ್ಲ.

ಆದರೆ ಈ ಚಿತ್ರದ ಇನ್ನೊಂದು ಮುಖವನ್ನು ಮುಚ್ಚಿಡುವದು ಪ್ರಾಮಾಣಿಕತನವಲ್ಲ. ಅಲ್ಲಿ ಆಗ ಇದ್ದದ್ದು ಸೇನಾಧಿಕಾರಿಗಳ ಸರಕಾರ. ಕೂಲಿ ಕಡಿಮೆ, ದುಡಿಮೆಯ ತಾಸು ಹೆಚ್ಚು, ಸಂಘ ಕಟ್ಟಿದವನಿಗೆ ಸೆರೆಮನೆ. 1970ರ ನವೆಂಬರಿನಲ್ಲಿ ಚೊನ್ ತೆ-ಇಲ್ ಎಂಬ ಇಪ್ಪತ್ತೆರಡು ವರ್ಷದ ಹೊಲಿಗೆ ಕೆಲಸಗಾರ, ಯಾರೂ ಪಾಲಿಸದ ಕಾರ್ಮಿಕ ಕಾಯದೆಯ ಪುಸ್ತಕದೊಡನೆ ತನ್ನನ್ನೂ ಸುಟ್ಟುಕೊಂಡು ಸತ್ತ. ಕಾರು ಓಡಿದ ದಾರಿಯ ಕೆಳಗೆ ಇಂಥ ಎಲುಬುಗಳಿವೆ.

ಸರ್ವಾಧಿಕಾರಿ ತನ್ನ ಬಂಡವಲಗಾರನನ್ನೂ ಬಿಡುವದಿಲ್ಲ. 1981ರಲ್ಲಿ ಸೇನಾಧಿಪತಿ ಚುನ್ ದೂ-ಹ್ವಾನ್ ಸರಕಾರ ಒಂದು ಹುಕುಮು ಮಾಡಿತು: ಕಿಯಾ ಇನ್ನು ಮೇಲೆ ಕಾರು ಮಾಡಕೂಡದು, ಸಣ್ಣ ಲಾರಿ, ವ್ಯಾನುಗಳನ್ನಷ್ಟೇ ಮಾಡಬೇಕು. ಆಗ ಕಂಪನಿಯನ್ನು ಉಳಿಸಿದ್ದು ಬೊಂಗೊ ಎಂಬ ವ್ಯಾನು. ಸಂತೆಗೆ ಸರಕು ಒಯ್ಯುವ ಸಣ್ಣ ವ್ಯಾಪಾರಿಯೂ ಮಕ್ಕಳು ಮರಿಗಳ ಸಂಸಾರಸ್ಥನೂ ಅದನ್ನು ಕೊಂಡರು. 1987ರವರೆಗೆ ಕಿಯಾ ಮತ್ತೆ ಕಾರು ಮಾಡಲಾಗಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು, 1980ರ ಮೇ ತಿಂಗಳಿನಲ್ಲಿ, ಗ್ವಾಂಗ್‌ಜು ಪಟ್ಟಣದ ಜನ ಸೇನೆಯ ವಿರುದ್ಧ ಎದ್ದರು. ಬಸ್ಸು, ಟ್ಯಾಕ್ಸಿಗಳ ಚಾಲಕರು ದೀಪ ಉರಿಸಿ ಸಾಲುಗಟ್ಟಿ ಸೈನಿಕರೆದುರು ಗಾಡಿ ನಡೆಸಿದರು. ಮರುದಿನ ಕಿಯಾಕ್ಕೆ ಸೇರಿದ್ದ ಏಶಿಯಾ ಮೋಟಾರ್ಸ್ ಕಾರಖಾನೆಗೆ ಹೋಗಿ ಅಲ್ಲಿ ತಯಾರಾಗಿದ್ದ ವಾಹನಗಳನ್ನು ತಂದರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದರೂ ಅದರ ಕಿಡಿ ಆರಲಿಲ್ಲ. 1987ರ ಬೇಸಿಗೆಯಲ್ಲಿ ಜನತೆ ಪ್ರಜಾಪ್ರಭುತ್ವ ಗಳಿಸಿತು. ಹಿಂದೆಯೇ ದೇಶದ ತುಂಬ ಕಾರಖಾನೆಗಳಲ್ಲಿ ಮುಷ್ಕರಗಳು ಹಬ್ಬಿ ಸಂಘಗಳು ಎದ್ದವು, ಪಗಾರ ಏರಿತು. ಪಗಾರ ಏರಿದರೆ ಉದ್ಯಮ ಸಾಯುವದೆಂದು ಹೆದರಿಸುವವರು ಇದನ್ನು ಗಮನಿಸಲಿ. ಕೊರಿಯಾದ ಕಾರು ಜಗತ್ತಿನಲ್ಲಿ ಮೇಲ್ದರ್ಜೆಯ ಹೆಸರು ಪಡೆದದ್ದು ಪಗಾರ ಏರುವ ಮೊದಲಲ್ಲ, ಏರಿದ ಮೇಲೆ.

ಆ ಕಾಲದ ಕಿಯಾಕ್ಕೆ ಇನ್ನೊಂದು ವಿಶೇಷವಿತ್ತು. ಇತರ ದೊಡ್ಡ ಕಂಪನಿಗಳಂತೆ ಅದು ಒಂದೇ ಮನೆತನದ ಹಿಡಿತದಲ್ಲಿರಲಿಲ್ಲ. ಷೇರುಗಳು ಚದರಿದ್ದವು, ನೌಕರರ ಕೈಯಲ್ಲೂ ಪಾಲಿತ್ತು; ಕಿಮ್ ಸೊನ್-ಹೊಂಗ್ ಎಂಬ ಎಂಜಿನಿಯರರು ಅದನ್ನು ನಡೆಸುತ್ತಿದ್ದರು. ಜನ ಅದನ್ನು ‘ರಾಷ್ಟ್ರದ ಕಂಪನಿ’ ಎಂದೇ ಕರೆದರು. 1997ರ ಜುಲೈದಲ್ಲಿ ಅದು ಸಾಲದಲ್ಲಿ ಮುಳುಗಿದಾಗ ‘ಕಿಯಾ ಉಳಿಸಿ’ ಎಂದು ಜನ ಚಳವಳಿಯನ್ನೇ ಮಾಡಿದರು. ಆದರೆ ಲೆಕ್ಕಪತ್ರ ಬಿಚ್ಚಿದಾಗ ವರ್ಷಗಟ್ಟಲೆ ನಷ್ಟ ಮುಚ್ಚಿಟ್ಟದ್ದು ಬಯಲಾಯಿತು. ಒಡೆಯ ಒಬ್ಬನಲ್ಲವೆಂದ ಮಾತ್ರಕ್ಕೆ ಲೆಕ್ಕ ನೇರವಾಗುವದಿಲ್ಲ. ಲೆಕ್ಕ ಕೇಳುವ ಜನ ಬೇಕು. ನಮ್ಮ ಸಹಕಾರಿ ಸಂಘಗಳ ಸಭೆಯಲ್ಲಿ ಚಹಾ ಕುಡಿದು ಸಹಿ ಮಾಡಿ ಬರುವ ಸದಸ್ಯರು ಈ ಪಾಠವನ್ನು ಕಲಿಯಬೇಕು. ಕೊನೆಗೆ 1998ರಲ್ಲಿ ಹುಂಡೈ ಕಂಪನಿ ಲಿಲಾವಿನಲ್ಲಿ ಕಿಯಾವನ್ನು ಪಡೆದು, ನೂರಕ್ಕೆ ಐವತ್ತೊಂದು ಪಾಲಿನ ಯಜಮಾನನಾಯಿತು.

ಇನ್ನು ಪೇಟೆಯ ಹೆಸರು. 1990ರ ದಶಕದಲ್ಲಿ ಅಮೇರಿಕೆಗೆ ಹೋದಾಗ ಕಿಯಾ ಅಗ್ಗದ ಕಾರೆಂದೂ ಬೇಗ ಕೆಡುವ ಕಾರೆಂದೂ ಹೆಸರು ಪಡೆಯಿತು. ಹುಂಡೈ ಮತ್ತು ಕಿಯಾ ಹತ್ತು ವರ್ಷದ ಗ್ಯಾರಂಟಿ ಕೊಟ್ಟು ಕೊಳ್ಳುವವರ ಅಂಜಿಕೆ ಕಳೆದವು. 2006ರಲ್ಲಿ ಪೀಟರ್ ಶ್ರಾಯರ್ ಎಂಬ ಜರ್ಮನ್ ವಿನ್ಯಾಸಕಾರನನ್ನು ಕರೆತಂದು ಕಾರಿಗೆ ಹೊಸ ಮುಖ ಕೊಡಿಸಿದರು. 2016ರಲ್ಲಿ ಜೆ.ಡಿ. ಪವರ್ ಸಂಸ್ಥೆಯ ಹೊಸ ಕಾರುಗಳ ಗುಣಮಟ್ಟದ ಪರೀಕ್ಷೆಯಲ್ಲಿ, ಶ್ರೀಮಂತರ ಕಾರುಗಳನ್ನೂ ಹಿಂದೆ ಹಾಕಿ ಕಿಯಾ ಮೊದಲ ಸ್ಥಾನ ಗಳಿಸಿತು. 2022ರಲ್ಲಿ ಅದರ ವಿದ್ಯುತ್ ಕಾರು ಯುರೋಪಿನ ವರ್ಷದ ಕಾರೆನಿಸಿತು. ಇದು ಮೆಚ್ಚಬೇಕಾದ ಸಾಧನೆ, ಮೆಚ್ಚೋಣ.

ಆದರೆ ಸುಳಿಯನ್ನೂ ನೋಡೋಣ. ಇಂಧನ ಎಷ್ಟು ಮೈಲು ಬರುತ್ತದೆಂಬುದನ್ನು ಹೆಚ್ಚು ಮಾಡಿ ತೋರಿಸಿದ್ದಕ್ಕಾಗಿ 2014ರಲ್ಲಿ ಹುಂಡೈ ಮತ್ತು ಕಿಯಾ ಅಮೇರಿಕೆಯ ಸರಕಾರಕ್ಕೆ ಹತ್ತು ಕೋಟಿ ಡಾಲರ್ ದಂಡ ತೆರಲು ಒಪ್ಪಿದವು. ಕಳ್ಳನು ಎಂಜಿನ್ ಚಾಲೂ ಮಾಡದಂತೆ ತಡೆಯುವ ಸಣ್ಣ ಸಾಧನವನ್ನು ಅಮೇರಿಕೆಯ ಅಗ್ಗದ ಮಾದರಿಗಳಲ್ಲಿ ಇಡದೆ ಬಿಟ್ಟರು. 2021ರ ಸುಮಾರಿಗೆ ಹುಡುಗರು ಆ ಕಾರುಗಳನ್ನು ಹಾದಿಬೀದಿಯಲ್ಲಿ ಕದಿಯತೊಡಗಿದರು. ಕಾಯದೆ ಕಡ್ಡಾಯ ಮಾಡಿದ ದೇಶಗಳಲ್ಲಿ ಅದೇ ಕಂಪನಿ ಅದೇ ಸಾಧನ ಇಟ್ಟಿತ್ತು. ಇದರ ಅರ್ಥ ಸ್ಪಷ್ಟ: ಕಂಪನಿಯ ಸದ್ಗುಣ ಅದರ ಮನಸ್ಸಿನಲ್ಲಿರುವದಿಲ್ಲ, ಆಯಾ ದೇಶದ ಕಾಯದೆಯಲ್ಲೂ ಜನರ ಎಚ್ಚರದಲ್ಲೂ ಇರುತ್ತದೆ.

ದುಡಿಯುವವರ ವಿಷಯದಲ್ಲಿಯೂ ಹೀಗೆಯೇ. ಕಿಯಾದ ಕಾರಖಾನೆಗಳಲ್ಲಿ ಕಾಯಂ ಕಾರ್ಮಿಕನ ಮಗ್ಗುಲಲ್ಲಿ, ಅದೇ ಸಾಲಿನಲ್ಲಿ, ಗುತ್ತಿಗೆದಾರನ ಕಾರ್ಮಿಕನೂ ನಿಂತಿದ್ದ. ಅವನಿಗೆ ಪಗಾರ ಕಡಿಮೆ. ಅವನು ವರ್ಷಗಟ್ಟಲೆ ನ್ಯಾಯಾಲಯ ಹತ್ತಿದ. 2022ರ ಅಕ್ಟೋಬರ 27ರಂದು ಕೊರಿಯಾದ ಸರ್ವೋಚ್ಚ ನ್ಯಾಯಾಲಯ ಹುಂಡೈ ಮತ್ತು ಕಿಯಾದ ಸುಮಾರು 430 ಮಂದಿಯ ದಾವೆಯಲ್ಲಿ ಅವರ ಪರ ತೀರ್ಪು ಕೊಟ್ಟಿತು. ಕೆಲಸ ಹೇಳುವವನು ಕಂಪನಿಯಾದ ಮೇಲೆ ಅವನೂ ಕಂಪನಿಯ ಕಾರ್ಮಿಕನೇ ಎಂಬುದು ಅದರ ಸಾರ. ನಮ್ಮವರ ದೋಷವನ್ನೂ ಹೇಳಬೇಕು: 2005ರಲ್ಲಿ ಗ್ವಾಂಗ್‌ಜು ಕಾರಖಾನೆಯಲ್ಲಿ ಕೆಲಸ ಕೊಡಿಸಲು ಸಂಘದ ಪುಢಾರಿಗಳೇ ಲಂಚ ತಿಂದದ್ದು ಬಯಲಾಯಿತು. ಹೊರಗಿನವನನ್ನು ಹೊರಗೇ ಇಟ್ಟ ಸಂಘ ಒಳಗಿನಿಂದ ಕೊಳೆಯುತ್ತದೆ.

ಹುಂಡೈ ನಮ್ಮ ದೇಶಕ್ಕೆ 1996ರಲ್ಲೇ ಬಂದು ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಕಾರಖಾನೆ ಕಟ್ಟಿತು. ಅಲ್ಲಿನ ಕಾರ್ಮಿಕರು 2007ರಲ್ಲಿ ಸಂಘ ಕಟ್ಟಿ, ಅದರ ಮಾನ್ಯತೆಗಾಗಿ 2009ರಲ್ಲೂ 2010ರಲ್ಲೂ ಮುಷ್ಕರ ಹೂಡಬೇಕಾಯಿತು. ಸಮುದ್ರ ದಾಟಿ ಬರುವಾಗ ಕಂಪನಿಗಳು ಯಂತ್ರವನ್ನು ತರುತ್ತವೆ; ತಮ್ಮ ನಾಡಿನ ಕಾರ್ಮಿಕ ಗಳಿಸಿದ ಹಕ್ಕನ್ನು ತಾವಾಗಿ ಹಡಗಿಗೆ ಏರಿಸುವದಿಲ್ಲ. ಅದನ್ನು ಇಲ್ಲಿಯವರೇ ಗಳಿಸಬೇಕು.

ಈಗ ಬಸ್ ನಿಲ್ದಾಣದ ಹುಡುಗನಿಗೆ ನನ್ನ ಉತ್ತರ. ತಮ್ಮಾ, ಹೋಗು. ಹೊಲದಲ್ಲಿ ಮೂವರ ಕೆಲಸವನ್ನು ಐವರು ಮಾಡುತ್ತ ಕೂಡ್ರುವದಕ್ಕಿಂತ ಯಂತ್ರದ ವಿದ್ಯೆ ಕಲಿಯುವದು ಮೇಲು. ಕಿಮ್ ಚೊಲ್-ಹೋ ಕೂಡ ಪರರ ಕಾರಖಾನೆಯಲ್ಲಿಯೇ ಕಲಿತ. ಆದರೆ ಸಹಿ ಮಾಡುವ ಮುನ್ನ ನಾಲ್ಕು ಪ್ರಶ್ನೆ ಕೇಳು. ನೇಮಕದ ಪತ್ರದಲ್ಲಿ ಯಾರ ಹೆಸರಿದೆ, ಕಂಪನಿಯದೋ ಗುತ್ತಿಗೆದಾರನದೋ? ತರಬೇತಿ ಎಷ್ಟು ತಿಂಗಳು, ಅದು ಮುಗಿದ ಮೇಲೆ ಏನು? ಪ್ರಾವಿಡೆಂಟ್ ಫಂಡು, ಇ.ಎಸ್.ಐ. ನಿನ್ನ ಹೆಸರಿನಲ್ಲಿ ಜಮೆಯಾಗುತ್ತವೆಯೆ? ಬೆರಳು ಕತ್ತರಿಸಿದರೆ ಹೊಣೆ ಯಾರದು? ಯಾವ ಕಂಪನಿಯಾಗಲಿ, ಕೊರಿಯಾದ್ದಿರಲಿ, ನಮ್ಮದೇ ಇರಲಿ, ಈ ನಾಲ್ಕಕ್ಕೆ ನೆಟ್ಟಗೆ ಉತ್ತರ ಕೊಟ್ಟರೆ ಅದು ಛಲೋ ಕಂಪನಿ. ತಡವರಿಸಿದರೆ, ಹೊಗಳಿಕೆ ಎಷ್ಟೇ ಇರಲಿ, ಎತ್ತಿನ ಹಲ್ಲು ಇನ್ನೊಮ್ಮೆ ನೋಡು.

ಮತ್ತು ಅಲ್ಲಿ ನಿನ್ನ ಪಕ್ಕದಲ್ಲಿ ನಿಂತವನು ತೆಲುಗಿನವನಿದ್ದಾನು, ತಮಿಳಿನವನಿದ್ದಾನು. ಅವನ ಹೆಸರನ್ನು ಕೇಳಿ ತಿಳಿದುಕೋ. ಕಾರಿನ ಮುಂದೆ ಕಂಪನಿಯ ಹೆಸರು ಬರೆದಿರುತ್ತದೆ. ಅದನ್ನು ಜೋಡಿಸಿದವರ ಹೆಸರು ಎಲ್ಲಿಯೂ ಬರೆದಿರುವದಿಲ್ಲ. ಆ ಹೆಸರುಗಳನ್ನು ನೀವೇ ಒಬ್ಬರಿಗೊಬ್ಬರು ನೆನಪಿಟ್ಟುಕೊಳ್ಳಬೇಕು. ಸಂಘ ಹುಟ್ಟುವದು ಅಲ್ಲಿಂದಲೇ.