ಸಾಯದ ಯಂತ್ರವನ್ನು ಎಸೆಯುವುದೇಕೆ?



ಗಣಿಗಾರಿಕೆಯೆಂದರೆ ಏನೆಂಬುದನ್ನು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಮುಖದ ಕಬ್ಬಿಣದ ಗಣಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಲ್ಯಾಪ್‌ಟಾಪಿನೊಳಗಿನ ತಾಮ್ರ, ತವರ, ಚಿನ್ನ, ಕೋಬಾಲ್ಟ್‌ಗಳೂ ಅಂಥದೇ ಯಾವುದೋ ನೆಲವನ್ನು ಬಗೆದು ತಂದವು. ಈ ಯಂತ್ರದಿಂದ ಪರಿಸರಕ್ಕಾಗುವ ಹಾನಿಯ ಬಹುಪಾಲು ತಯಾರಿಕೆಯ ಹಂತದಲ್ಲಿಯೇ ಆಗಿಹೋಗಿರುತ್ತದೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ, ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದು ಶೇ. 22.3 ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪು, ಹೊಸ ಪೀಳಿಗೆಯ ಪ್ರೊಸೆಸರ್ ಹಳೆಯ ಯಂತ್ರಗಳಲ್ಲಿಲ್ಲ. ಕೆಟ್ಟದ್ದರಿಂದಲ್ಲ, ಅನರ್ಹವೆಂದು ಘೋಷಿತವಾದದ್ದರಿಂದ ಅವು ಗುಜರಿಯ ದಾರಿ ಹಿಡಿಯುತ್ತಿವೆ. ಅವುಗಳಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಿದೆ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಡಿಸ್ಕ್ ಸಾಕು. 4 ಜಿಬಿ ರ್‍ಯಾಮ್ ಇದ್ದರೆ ಕೆಲಸ ಸಲೀಸು.

ಕೊಂಡ ಯಂತ್ರದಲ್ಲಿ ಹಿಂದಿನವರ ಗುಪ್ತಪದಗಳೂ ವೈರಸ್ಸುಗಳೂ ಉಳಿದಿರಬಹುದು. ಕಡತವನ್ನು ಅಳಿಸುವುದೆಂದರೆ ಪುಸ್ತಕದ ವಿಷಯಸೂಚಿಯನ್ನಷ್ಟೇ ಹರಿದಂತೆ. ಪುಟಗಳು ಒಳಗೇ ಇರುತ್ತವೆ. ಆದ್ದರಿಂದ ಮಾರುವವರು ಬೇಕಾದ ಕಡತಗಳನ್ನು ಬೇರೆಡೆ ಇಟ್ಟುಕೊಂಡು, ಡಿಸ್ಕನ್ನು ಪೂರ್ತಿ ಒರೆಸಿ ಕೊಡಬೇಕು. ಕೊಳ್ಳುವವರು ಬಯಾಸ್ ಗುಪ್ತಪದವಿದೆಯೇ ಎಂದು ಮೊದಲೇ ಕೇಳಬೇಕು. ಬ್ಯಾಟರಿ ಉಬ್ಬಿದ್ದರೆ ಅದನ್ನು ಬದಲಾಯಿಸುವ ತನಕ ಯಂತ್ರವನ್ನು ಬಳಸಲೇಬಾರದು.

ಇನ್ನು ಕೆಲಸದ ಕ್ರಮ. ಸುಮಾರು 3 ಜಿಬಿಯ ಐಎಸ್‌ಒ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟಿರುವ ಚೆಕ್‌ಸಮ್‌ನೊಂದಿಗೆ ತಾಳೆ ನೋಡಬೇಕು. ಅದನ್ನು 8 ಜಿಬಿಯ ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ಅದಕ್ಕೆಂದೇ ಇರುವ ತಂತ್ರಾಂಶದಿಂದ ಬರೆಯಬೇಕು. ಘಟ್ಟದ ಮಂದ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳಲು ರಾತ್ರಿಯಿಡೀ ಹಿಡಿದೀತು. ಆದರೆ ಒಂದೇ ಪೆನ್‌ಡ್ರೈವ್ ಇಡೀ ಊರಿಗೆ ಸಾಕು. ಯಂತ್ರವನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಏನನ್ನೂ ಅಳಿಸುವ ಮುನ್ನ ವೈಫೈ, ಧ್ವನಿ, ಕೀಲಿಮಣೆ ಸರಿಯಿವೆಯೇ ಎಂದು ಪರೀಕ್ಷಿಸಬೇಕು. ಸರಿಯಿದ್ದರೆ ‘ಡಿಸ್ಕ್ ಅಳಿಸಿ ಸ್ಥಾಪಿಸು’ ಎಂಬ ಆಯ್ಕೆ. ಅದನ್ನು ಒತ್ತಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಮಳೆಗಾಲದ ಕರೆಂಟನ್ನು ನಂಬದೆ, ಬ್ಯಾಟರಿ ತುಂಬಿಸಿಕೊಂಡೇ ಕೂರುವುದು ಲೇಸು.

ಕನ್ನಡಕ್ಕೆ ಇಲ್ಲಿ ಕೊರತೆಯಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳಿವೆ. ಕೆಜಿಪಿ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ. ಆದರೆ ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಕೆಲವು ತಂತ್ರಾಂಶಗಳು ಇಲ್ಲಿ ನಡೆಯವು; ಅವು ಅನಿವಾರ್ಯವಾದವರು ಮೊದಲೇ ಯೋಚಿಸಬೇಕು.

ನಿಜಕ್ಕೂ ಕೆಟ್ಟುಹೋದದ್ದನ್ನು ತೋಟದ ಮೂಲೆಯಲ್ಲಿ ಸುಡದೆ, ಹಳ್ಳಕ್ಕೆ ಎಸೆಯದೆ, ಅಧಿಕೃತ ಮರುಬಳಕೆದಾರರಿಗೆ ತಲುಪಿಸಬೇಕು. ಹಿಡಿ ಮುರಿದ ಕತ್ತಿಗೆ ಹೊಸ ಹಿಡಿ ಹಾಕಿಸಿ ಬಳಸುವುದು ಈ ಸೀಮೆಯ ರೂಢಿ. ಲ್ಯಾಪ್‌ಟಾಪಿಗೂ ಅದೇ ನ್ಯಾಯ ಸಲ್ಲಲಿ. ಒಂದು ಮಧ್ಯಾಹ್ನದ ದುಡಿಮೆಯಿಂದ ಒಬ್ಬ ವಿದ್ಯಾರ್ಥಿನಿಯ ಓದಿಗೆ ಯಂತ್ರ ದಕ್ಕುತ್ತದೆ; ಎಲ್ಲಿಯದೋ ಒಂದು ಬೆಟ್ಟದ ಮೇಲಿನ ಹೊರೆಯೂ ಅಷ್ಟು ಇಳಿಯುತ್ತದೆ.