ಸೀಲಿಯಾಕ್ ಇರುವ ಮಕ್ಕಳಿಗೆ ಸ್ವ-ಆರೈಕೆಯ ಶಿಕ್ಷಣ: ಗ್ರಾಮ ಪಂಚಾಯಿತಿಯ ಪಾತ್ರ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳ ಸದಸ್ಯರಿಗಾಗಿ ಉಪನ್ಯಾಸ)



ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕೆಲವು ಮಕ್ಕಳ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಇದೇ ಸೀಲಿಯಾಕ್ ಕಾಯಿಲೆ. ಬಿಡದ ಭೇದಿ, ಹೊಟ್ಟೆಯುಬ್ಬರ, ಕುಂಠಿತ ಬೆಳವಣಿಗೆ, ಕಬ್ಬಿಣಾಂಶದ ಮಾತ್ರೆಗೂ ಬಗ್ಗದ ರಕ್ತಹೀನತೆ ಇದರ ಲಕ್ಷಣಗಳು. ದಕ್ಷಿಣ ಭಾರತದಲ್ಲಿ ಇದು ಉತ್ತರಕ್ಕಿಂತ ವಿರಳ. ಆದುದರಿಂದಲೇ ಬರಿಯ ಅಪೌಷ್ಟಿಕತೆಯೆಂದು ಭಾವಿಸಿ ಕಡೆಗಣಿಸುವ ಸಂಭವ ಹೆಚ್ಚು. ಶಂಕೆಯಿದ್ದಲ್ಲಿ ಮಗುವನ್ನು ಮಕ್ಕಳ ತಜ್ಞರಿಗೆ ತೋರಿಸಬೇಕು. ರಕ್ತಪರೀಕ್ಷೆಗೆ ಮುನ್ನವೇ ಗೋಧಿಯನ್ನು ನಿಲ್ಲಿಸಿದರೆ ಕಾಯಿಲೆ ಪತ್ತೆಯಾಗದೆ ಹೋಗಬಹುದು.

ಜೀವನಪರ್ಯಂತದ ಪಥ್ಯವೇ ಇದಕ್ಕೆ ಚಿಕಿತ್ಸೆ. ಪಥ್ಯಕ್ಕೆ ಒಗ್ಗುವ ರಾಗಿ, ಭತ್ತ, ಮುಸುಕಿನ ಜೋಳ, ಅವರೆ, ಹುರುಳಿ ನಮ್ಮ ಹೊಲಗಳಲ್ಲೇ ಬೆಳೆಯುತ್ತವೆ. ತೊಡಕಿರುವುದು ಮಗು ಮನೆಯ ಹೊಸ್ತಿಲು ದಾಟಿದ ಮೇಲೆ. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ರಾಗಿಹಿಟ್ಟು, ಗೋಧಿಹಿಟ್ಟು ಬೆರೆತ ಇಂಗು, ಜಾತ್ರೆಯ ಸಜ್ಜಿಗೆ, ಹಬ್ಬದ ಒಬ್ಬಟ್ಟು, ಅಂಗಡಿಯ ಬಿಸ್ಕತ್ತು ಎಲ್ಲವೂ ಅಪಾಯವೇ. “ಒಂದು ಚೂರು ತಿಂದರೆ ಏನಾಗುತ್ತದೆ” ಎಂಬ ಹಿರಿಯರ ಪ್ರೀತಿಯ ಒತ್ತಾಯವನ್ನು ಎದುರಿಸುವುದು ಮಗುವಿಗೆ ಎಲ್ಲಕ್ಕಿಂತ ಕಷ್ಟ. ಆ ಚೂರು ನೋವು ಕೊಡದಿದ್ದರೂ ಕರುಳಿಗೆ ಹಾನಿಮಾಡಬಲ್ಲದು.

ಆದ್ದರಿಂದ ಮಗು ತಾನೇ ಮೂರು ವಿಷಯ ಕಲಿಯಬೇಕು. ಮೊದಲನೆಯದು, “ಇದರಲ್ಲಿ ಗೋಧಿ, ಮೈದಾ, ರವೆ ಇದೆಯೆ?” ಎಂದು ಕೇಳುವುದು. ಎರಡನೆಯದು, ಸಂಶಯವಿದ್ದರೆ ಅಂಜದೆ ಬೇಡವೆನ್ನುವುದು. ಮೂರನೆಯದು, ಪೊಟ್ಟಣ ಓದುವುದು. ಪೊಟ್ಟಣದ ವಿವರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದ ಮಗುವಿಗೆ ‘ವೀಟ್’, ‘ಬಾರ್ಲಿ’, ‘ಮಾಲ್ಟ್’ ಪದಗಳ ಅಕ್ಷರಗಳನ್ನು ಗುರುತಿಸಲು ಕಲಿಸಬೇಕು.

ಮಗು ಹೇಳುವ ‘ಬೇಡ’ಕ್ಕೆ ಊರು ಮನ್ನಣೆ ಕೊಡದಿದ್ದರೆ ಈ ಕಲಿಕೆ ನಿಲ್ಲದು. ಅಂಥ ಮಗು ಇರುವ ಊರಿನಲ್ಲಿ ಪಂಚಾಯಿತಿ ಮಾಡಬಹುದಾದವು:

1. ಶುಚಿಗೊಳಿಸಿದ ಗಿರಣಿಯಲ್ಲಿ, ಗೋಧಿ ಬೀಸುವ ಮುನ್ನ, ಆ ಮನೆಯ ರಾಗಿ ಬೀಸಿಕೊಡುವಂತೆ ಮಾಲೀಕರೊಡನೆ ಮಾತನಾಡುವುದು.
2. ಬಿಸಿಯೂಟದಲ್ಲಿ ಪ್ರತ್ಯೇಕ ಪಾತ್ರೆ, ಸೌಟು ಇರಿಸಲು, ಗೋಧಿ ಪದಾರ್ಥದ ದಿನ ಅನ್ನ ಒದಗಿಸಲು ಮುಖ್ಯೋಪಾಧ್ಯಾಯರು ಮತ್ತು ಅಡುಗೆಯವರೊಡನೆ ಚರ್ಚಿಸುವುದು.
3. ಮಕ್ಕಳ ಗ್ರಾಮಸಭೆಯಲ್ಲಿ, ಮಗುವಿನ ಹೆಸರೆತ್ತದೆ, ಈ ವಿಷಯವನ್ನು ಆಶಾ ಕಾರ್ಯಕರ್ತೆಯರಿಂದ ತಿಳಿಸುವುದು.
4. ಊರ ಹಬ್ಬದಲ್ಲಿ ಪ್ರಸಾದವಾಗಿ ಬಾಳೆಹಣ್ಣು, ತೆಂಗಿನಕಾಯಿಯನ್ನೂ ಇಡುವುದು.

ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸದಸ್ಯರು ಒಮ್ಮೆ ಗಿರಣಿಗೆ, ಒಮ್ಮೆ ಶಾಲೆಯ ಅಡುಗೆಮನೆಗೆ ಹೋಗಿಬಂದರೆ ಕೆಲಸ ಆರಂಭವಾಗುತ್ತದೆ.