ನೋಡಿದವರೆಲ್ಲ ಕೂಗುವರೇ? ಆನ್‌ಲೈನ್ ಹರಾಜಿನಲ್ಲಿ ಆಸಕ್ತಿ ಮತ್ತು ಬಿಡ್

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ವಾಣಿಜ್ಯ ಮಳಿಗೆಗಳ ಬಾಡಿಗೆ, ವಾರದ ಸಂತೆಯ ಶುಲ್ಕ ವಸೂಲಿ, ಹುಣಸೆ ಮರಗಳ ಫಸಲು, ಹಳೆಯ ಪೈಪು ಮತ್ತು ಮೋಟಾರುಗಳ ವಿಲೇವಾರಿ ಮುಂತಾದವು ಹರಾಜಿನ ಮೂಲಕ ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲವನ್ನು ಹೆಚ್ಚಿಸುವ ಬಾಬ್ತುಗಳು. ಕಚೇರಿಯ ಅಂಗಳದಲ್ಲಿ ಹರಾಜು ಕೂಗಿದಾಗ ಸೇರಿದ ಜನ ಕಣ್ಣಿಗೆ ಕಾಣುತ್ತಾರೆ. ಅವರಲ್ಲಿ ಯಾರು ಕೊಳ್ಳಲು ಬಂದವರು, ಯಾರು ನೋಡಲು ಬಂದವರು ಎಂಬುದನ್ನು ಊರಿನ ಹಿರಿಯರು ಮುಖ ನೋಡಿಯೇ ಹೇಳಬಲ್ಲರು. ಇ-ಹರಾಜಿನಲ್ಲಿ ಆ ಗುಂಪು ಒಂದು ಅಂಕಿಯಾಗಿ ಮಾತ್ರ ಉಳಿಯುತ್ತದೆ: ಇಷ್ಟು ಜನ ಪುಟವನ್ನು ತೆರೆದರು, ಇಷ್ಟು ಜನ ದಾಖಲೆಯನ್ನು ಇಳಿಸಿಕೊಂಡರು. ಆ ಅಂಕಿ ದೊಡ್ಡದಾಗಿದ್ದರೆ ಸಭೆಗೆ ಸಮಾಧಾನವಾಗುತ್ತದೆ. ಆದರೆ ಅವಧಿ ಮುಗಿದಾಗ ಒಂದೇ ಬಿಡ್ ಬಂದಿರಬಹುದು, ಅಥವಾ ಒಂದೂ ಬಾರದಿರಬಹುದು. ಒಬ್ಬನೇ ಬಿಡ್‌ದಾರನಿಗೆ ಅಗ್ಗವಾಗಿ ಹೋದ ಮಳಿಗೆ ಗುತ್ತಿಗೆಯ ಅವಧಿ ಮುಗಿಯುವವರೆಗೂ ಅದೇ ದರದಲ್ಲಿ ಉಳಿಯುತ್ತದೆ. ಆ ನಷ್ಟವನ್ನು ಕೊನೆಗೆ ಭರಿಸುವುದು ಊರಿನ ಬೀದಿದೀಪ ಮತ್ತು ಕುಡಿಯುವ ನೀರಿನ ಲೆಕ್ಕವೇ. ಆದುದರಿಂದ ಆಸಕ್ತಿಯು ಯಾವಾಗ ಬಿಡ್ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ತಿಳಿಯುವುದು ಸದಸ್ಯರಿಗೆ ಅಗತ್ಯವಾಗಿದೆ.

ಈ ಪ್ರಶ್ನೆಗೆ ಹೆಚ್ಚಿನ ಅನುಭವ ದೊರೆತಿರುವುದು ಅಮೆರಿಕದ ಇ-ಬೇ ಜಾಲತಾಣದಲ್ಲಿ. 1995ರಲ್ಲಿ ಪಿಯರ್ ಒಮಿಡ್ಯಾರ್ ಅವರು ಆರಂಭಿಸಿದ ಈ ತಾಣದಲ್ಲಿ ಯಾರು ಬೇಕಾದರೂ ತಮಗೆ ಹಿಡಿಸಿದ ವಸ್ತುವನ್ನು ವೀಕ್ಷಣಾ ಪಟ್ಟಿಗೆ ಸೇರಿಸಿಕೊಳ್ಳಬಹುದು. ಪಟ್ಟಿಗೆ ಸೇರಿಸಲು ಒಂದು ಕ್ಲಿಕ್ ಸಾಕು, ಹಣ ಬೇಕಿಲ್ಲ. ಬಿಡ್ ಎಂಬುದಾದರೋ ಗೆದ್ದರೆ ಹಣ ತೆರುತ್ತೇನೆಂಬ ವಾಗ್ದಾನ. ಈ ಎರಡರ ನಡುವೆ ದೊಡ್ಡ ಅಂತರವಿದೆ. ವೀಕ್ಷಿಸುವವರಲ್ಲಿ ನಿಜವಾದ ಗಿರಾಕಿಗಳಿರುತ್ತಾರೆ. ತಮ್ಮಲ್ಲಿರುವ ಅಂಥದೇ ವಸ್ತುವಿನ ಧಾರಣೆಯನ್ನು ತಿಳಿಯಲು ಬಂದ ಮಾರಾಟಗಾರರೂ ಇರುತ್ತಾರೆ. ಬೆಲೆ ಇಳಿದರೆ ನೋಡೋಣ ಎನ್ನುವವರೂ, ಕೊನೆಯ ಗಳಿಗೆಯವರೆಗೆ ಸುಮ್ಮನಿರುವವರೂ ಅದೇ ಅಂಕಿಯೊಳಗೆ ಅಡಗಿರುತ್ತಾರೆ.

ಕೊನೆಯ ಗಳಿಗೆಗೆ ಕಾಯುವವರ ವಿಷಯ ವಿಶೇಷ ಗಮನಕ್ಕೆ ಅರ್ಹವಾದುದು. 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಭಾಜನರಾದ ಆಲ್ವಿನ್ ರಾತ್ ಮತ್ತು ಅವರ ಸಹೋದ್ಯೋಗಿ ಆಕ್ಸೆಲ್ ಆಕೆನ್‌ಫೆಲ್ಸ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇ-ಬೇ ಹರಾಜುಗಳನ್ನು, ಆಗ ಅಮೆಜಾನ್ ನಡೆಸುತ್ತಿದ್ದ ಹರಾಜುಗಳೊಡನೆ ಹೋಲಿಸಿದರು. ಇ-ಬೇ ಹರಾಜು ನಿಗದಿತ ಕ್ಷಣಕ್ಕೆ ಮುಗಿಯುತ್ತಿತ್ತು. ಅಮೆಜಾನ್ ಹರಾಜು ಕೊನೆಯಲ್ಲಿ ಹೊಸ ಬಿಡ್ ಬಂದರೆ ಮುಂದುವರಿದು, 10 ನಿಮಿಷ ಯಾವ ಬಿಡ್ಡೂ ಬಾರದಿದ್ದಾಗ ಮಾತ್ರ ಮುಕ್ತಾಯವಾಗುತ್ತಿತ್ತು. ಇ-ಬೇಯಲ್ಲಿ ಗಣಕಯಂತ್ರಗಳ ಹರಾಜುಗಳ ಶೇ. 40ರಷ್ಟರಲ್ಲಿ ಮತ್ತು ಪುರಾತನ ವಸ್ತುಗಳ ಹರಾಜುಗಳ ಶೇ. 59ರಷ್ಟರಲ್ಲಿ ಅಂತಿಮ ಬಿಡ್ ಬಂದದ್ದು ಕೊನೆಯ 5 ನಿಮಿಷಗಳಲ್ಲಿ. ಅಮೆಜಾನ್‌ನಲ್ಲಿ ಆ ಪ್ರಮಾಣ ಸುಮಾರು ಶೇ. 3 ಮಾತ್ರ. ಬೇಗನೆ ಬಿಡ್ ಮಾಡಿದರೆ ಇತರರು ಬೆಲೆಯನ್ನು ಏರಿಸುತ್ತಾರೆ. ವಸ್ತುವಿನ ಮೌಲ್ಯವನ್ನು ಬಲ್ಲವನು ಮೊದಲೇ ಕೂಗಿದರೆ ತನ್ನ ತಿಳಿವಳಿಕೆಯನ್ನು ಬಿಟ್ಟುಕೊಟ್ಟಂತಾಗುತ್ತದೆ. ಹೀಗಾಗಿ ಹರಾಜಿನ ಮಧ್ಯಾವಧಿಯಲ್ಲಿ ಬಿಡ್ ಇಲ್ಲವೆಂದು ಕಂಗೆಡಬೇಕಾಗಿಲ್ಲ. ಆದರೆ ಕೊನೆಯ ಕ್ಷಣಕ್ಕೆ ಉಳಿದ ಬಿಡ್ ದಾಖಲಾಗದೆ ತಪ್ಪಿಹೋಗುವ ಅಪಾಯವೂ ಉಂಟು. ತಡವಾಗಿ ಬಂದ ಬಿಡ್‌ಗೆ ಅವಧಿ ತಾನಾಗಿ ವಿಸ್ತರಣೆಯಾಗುವ ನಿಯಮವು ಮಾರುವವನ ಹಿತವನ್ನೂ ಕೊಳ್ಳುವವನ ಹಿತವನ್ನೂ ಕಾಯುತ್ತದೆ.

ಎರಡನೆಯ ಅಂಶ ಆರಂಭಿಕ ಬೆಲೆಯದು. ಹೆಚ್ಚು ಜನ ನೋಡುತ್ತಿದ್ದಾರೆಂದು ಆರಂಭಿಕ ಬೆಲೆಯನ್ನು ಏರಿಸುವುದು ಸಹಜವಾದ ಆಸೆ. 2006ರಲ್ಲಿ ಪ್ರಕಟವಾದ ಗಿಲಿಯನ್ ಕು ಮತ್ತು ಸಂಗಡಿಗರ ಸಂಶೋಧನೆಯು ಇದಕ್ಕೆ ವಿರುದ್ಧವಾದುದನ್ನು ತೋರಿಸಿತು. ಕಡಿಮೆ ಬೆಲೆಯಿಂದ ಆರಂಭವಾದ ಹರಾಜಿಗೆ ಹೆಚ್ಚು ಜನ ಪ್ರವೇಶಿಸಿದರು. ಒಮ್ಮೆ ಪ್ರವೇಶಿಸಿದವರು ಮುಂದುವರಿದರು. ಬಿಡ್‌ಗಳ ಸಂಖ್ಯೆಯನ್ನು ಕಂಡು ಮತ್ತಷ್ಟು ಜನ ಬಂದರು. ಅಂತಿಮ ಬೆಲೆ ಹೆಚ್ಚಾಯಿತು. ಬಿಡ್ ಬಿಡ್ಡನ್ನು ಕರೆಯುತ್ತದೆ ಎಂಬುದು ಇದರ ಸಾರ. ಆದರೆ ಇದಕ್ಕೊಂದು ಕಟ್ಟುನಿಟ್ಟಾದ ಷರತ್ತಿದೆ. ವಿವರಣೆಯಲ್ಲಿ ಅಕ್ಷರ ತಪ್ಪಿ, ಹುಡುಕುವವರಿಗೆ ವಸ್ತುವೇ ಸಿಗದಂತಾದ ಕಡೆ ಕಡಿಮೆ ಆರಂಭಿಕ ಬೆಲೆಯು ಆ ಲಾಭವನ್ನು ತರಲಿಲ್ಲ. ಜನ ಬರುವ ದಾರಿ ತೆರೆದಿದ್ದರೆ ಮಾತ್ರ ಕಡಿಮೆ ಆರಂಭ ಫಲ ಕೊಡುತ್ತದೆ. ಪ್ರಕಟಣೆಯಲ್ಲಿ ಸರ್ವೆ ನಂಬರು ಅಥವಾ ಮಳಿಗೆಯ ಸಂಖ್ಯೆ ತಪ್ಪಾಗಿ ಮುದ್ರಿತವಾದರೆ ಆಗುವ ಹಾನಿಯೂ ಇದೇ ಬಗೆಯದು.

ಬಿಡ್‌ದಾರರೇ ಕಡಿಮೆಯಾದರೆ ಕಡಿಮೆ ಬೆಲೆ ಎಷ್ಟು ಅಪಾಯಕರ ಎಂಬುದಕ್ಕೆ ಸರ್ಕಾರಿ ಹರಾಜಿನ ಒಂದು ಪ್ರಸಂಗ ಸಾಕ್ಷಿಯಾಗಿದೆ. 2000ನೇ ವರ್ಷದಲ್ಲಿ ಸ್ವಿಟ್ಜರ್ಲೆಂಡ್ ಸರ್ಕಾರವು ಮೂರನೇ ತಲೆಮಾರಿನ ಮೊಬೈಲ್ ಸೇವೆಯ 4 ಪರವಾನಗಿಗಳನ್ನು ಹರಾಜಿಗಿಟ್ಟಿತು. ಕನಿಷ್ಠ 9 ಸಂಸ್ಥೆಗಳು ಆಸಕ್ತಿ ತೋರಿದ್ದವು. ಕೊನೆಯ ಹಂತದಲ್ಲಿ ಸಂಸ್ಥೆಗಳು ಒಂದುಗೂಡಿ ಜಂಟಿಯಾಗಿ ಬಿಡ್ ಮಾಡಲು ನಿಯಮದಲ್ಲಿ ಅವಕಾಶವಿದ್ದುದರಿಂದ, ಹರಾಜಿಗೆ ಮೊದಲಿನ ವಾರದಲ್ಲಿ 9 ಹೋಗಿ 4 ಉಳಿದವು. 4 ಪರವಾನಗಿ, 4 ಬಿಡ್‌ದಾರರು, ಪೈಪೋಟಿಯೇ ಇಲ್ಲ. ಸರ್ಕಾರವು ಹರಾಜನ್ನು ಮುಂದೂಡಲು ಯತ್ನಿಸಿದರೂ ಮೊದಲೇ ಪ್ರಕಟಿಸಿದ ನಿಯಮಗಳು ಅದಕ್ಕೆ ಅಡ್ಡಿಯಾದವು. ಅದೇ ವರ್ಷ ಬ್ರಿಟನ್ನಿನಲ್ಲಿ 13 ಬಿಡ್‌ದಾರರ ಪೈಪೋಟಿಯಿಂದ ತಲಾ ಸುಮಾರು 650 ಯೂರೋ ಬಂದರೆ, ಸ್ವಿಟ್ಜರ್ಲೆಂಡಿಗೆ ದೊರೆತದ್ದು ತಲಾ ಸುಮಾರು 20 ಯೂರೋ. ಕನಿಷ್ಠ ಮೀಸಲು ಬೆಲೆಯನ್ನು ತೀರ ಕೆಳಗಿಟ್ಟಿದ್ದರಿಂದ ನಷ್ಟವನ್ನು ತಡೆಯುವ ಕೊನೆಯ ಬೇಲಿಯೂ ಇರಲಿಲ್ಲ. ಸಂತೆ ಗುತ್ತಿಗೆಗೆ ಬಂದವರು ಹೊರಗೇ ಮಾತನಾಡಿಕೊಂಡು ಒಬ್ಬನನ್ನೇ ಮುಂದೆ ಬಿಡುವ ಪರಿಪಾಠವನ್ನು ಬಲ್ಲವರಿಗೆ ಈ ಪ್ರಸಂಗ ಅಪರಿಚಿತವೆನಿಸದು.

ಆಸಕ್ತಿಯನ್ನು ಬಿಡ್ ಆಗಿ ಮಾರ್ಪಡಿಸುವ ಬಗೆಗೆ ಕರ್ನಾಟಕದಲ್ಲಿಯೇ ಒಂದು ಮಾದರಿಯಿದೆ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಎ.ಪಿ.ಎಂ.ಸಿ. ಪ್ರಾಂಗಣಗಳಲ್ಲಿ ಆನ್‌ಲೈನ್ ಟೆಂಡರ್ ಪದ್ಧತಿ ಬಂದಿತು. ದೂರದ ವರ್ತಕನು ರಾಶಿಯನ್ನು ಕಣ್ಣಾರೆ ನೋಡದೆ ದರ ನಮೂದಿಸಬೇಕಾದರೆ ಉತ್ಪನ್ನದ ಗುಣಮಟ್ಟದ ಬಗ್ಗೆ ನಂಬಿಕೆ ಬರಬೇಕು. ಅದಕ್ಕಾಗಿಯೇ ಈ ವ್ಯವಸ್ಥೆಯಲ್ಲಿ ಗುಣ ವಿಶ್ಲೇಷಣೆಗೆ ಸ್ಥಾನವಿದೆ. ದರ ಒಪ್ಪಿಗೆಯಾಗದಿದ್ದರೆ ತಿರಸ್ಕರಿಸುವ ಹಕ್ಕು ರೈತನಿಗಿದೆ. ನೋಡುವವನ ಸಂಶಯವನ್ನು ಕಳೆಯುವುದು, ಮಾರುವವನಿಗೆ ಕನಿಷ್ಠ ರಕ್ಷಣೆ ಒದಗಿಸುವುದು ಎಂಬ ಎರಡು ತತ್ತ್ವಗಳು ಪಂಚಾಯಿತಿಗೂ ಅನ್ವಯಿಸುತ್ತವೆ.

ಮೇಲಿನ ಅಂಶಗಳ ಹಿನ್ನೆಲೆಯಲ್ಲಿ, ಜಾರಿಯಲ್ಲಿರುವ ನಿಯಮಗಳ ಚೌಕಟ್ಟಿನೊಳಗೆ ಸದಸ್ಯರು ಸಭೆಯಲ್ಲಿ ಪರಿಶೀಲಿಸಬಹುದಾದ ವಿಷಯಗಳು ಹೀಗಿವೆ:

1. ಪುಟ ವೀಕ್ಷಿಸಿದವರ ಸಂಖ್ಯೆಯ ಬದಲು, ಸ್ಥಳ ನೋಡಲು ಬಂದವರು, ನೋಂದಾಯಿಸಿದವರು, ಮುಂಗಡ ಠೇವಣಿ ಕಟ್ಟಿದವರು ಮತ್ತು ಬಿಡ್ ಮಾಡಿದವರು ಎಂಬ ನಾಲ್ಕು ಅಂಕಿಗಳನ್ನು ಕೇಳುವುದು. ಯಾವ ಮೆಟ್ಟಿಲಲ್ಲಿ ಜನ ಹಿಂದೆ ಸರಿದರೋ ದೋಷವನ್ನು ಅಲ್ಲಿಯೇ ಹುಡುಕಬೇಕು.

2. ಪ್ರಕಟಣೆಯಲ್ಲಿ ಮಳಿಗೆಯ ಅಳತೆ, ಛಾಯಾಚಿತ್ರ, ವಿದ್ಯುತ್ ಮತ್ತು ನೀರಿನ ಸಂಪರ್ಕ, ಗುತ್ತಿಗೆಯ ಅವಧಿ, ಹಿಂದಿನ ಬಾಕಿಯ ಸ್ಥಿತಿ ಸ್ಪಷ್ಟವಾಗಿರುವಂತೆ ನೋಡಿಕೊಳ್ಳುವುದು.

3. ನೋಂದಣಿ ಮತ್ತು ಠೇವಣಿ ಪಾವತಿಗೆ ಕಚೇರಿಯಲ್ಲಿ ನೆರವು ನೀಡುವುದು. ಗಣಕಯಂತ್ರ ಬಳಸಲು ಬಾರದ ಸ್ವಸಹಾಯ ಸಂಘದ ಮಹಿಳೆಯರ ಆಸಕ್ತಿಯು ನೆರವಿಲ್ಲದೆ ಬಿಡ್ ಆಗುವುದಿಲ್ಲ.

4. ಸ್ಥಳೀಯ ದರಗಳ ಆಧಾರದಲ್ಲಿ ಮೀಸಲು ಬೆಲೆಯನ್ನು ನಿಗದಿಪಡಿಸುವುದು. ಅದು ಜನರನ್ನು ಹೆದರಿಸುವಷ್ಟು ಎತ್ತರವೂ, ಕೂಟ ಕಟ್ಟಿದವರಿಗೆ ಸೊತ್ತನ್ನು ಒಪ್ಪಿಸುವಷ್ಟು ತಗ್ಗೂ ಆಗಿರಬಾರದು.

5. ಒಂದೇ ಬಿಡ್ ಬಂದಾಗ ಅನುಸರಿಸುವ ಕ್ರಮವನ್ನು ಹರಾಜಿಗೆ ಮೊದಲೇ ಷರತ್ತುಗಳಲ್ಲಿ ಪ್ರಕಟಿಸುವುದು. ಆಮೇಲೆ ಬದಲಿಸಹೊರಟರೆ ಸ್ವಿಟ್ಜರ್ಲೆಂಡಿಗೆ ಒದಗಿದ ಇಕ್ಕಟ್ಟೇ ಒದಗುತ್ತದೆ.

ಆಸಕ್ತಿ ಮೋಡವಿದ್ದಂತೆ, ಬಿಡ್ ಮಳೆಯಿದ್ದಂತೆ. ಮೋಡ ಕವಿದ ಮಾತ್ರಕ್ಕೆ ಕೆರೆ ತುಂಬದು ಎಂಬುದನ್ನು ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಿನ ಹರಾಜಿನ ಕಡತ ಸಭೆಯ ಮುಂದೆ ಬಂದಾಗ, ಎಷ್ಟು ಜನ ನೋಡಿದರು ಎಂಬ ಪ್ರಶ್ನೆಯೊಡನೆ ಎಷ್ಟು ಜನ ಠೇವಣಿ ಕಟ್ಟಿದರು, ಉಳಿದವರು ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆಯೂ ಸದಸ್ಯರಿಂದ ಬರಲಿ. ಆ ಉತ್ತರವು ನಡವಳಿ ಪುಸ್ತಕದಲ್ಲಿ ದಾಖಲಾದರೆ, ಅದರ ನಂತರದ ಹರಾಜಿನ ಸಿದ್ಧತೆ ಅಲ್ಲಿಂದಲೇ ಆರಂಭವಾಗುತ್ತದೆ.